ನುಣುಪು ನೆಲದ ಚಕ್ರ

ಈ ಊರಿನ ಇತಿಹಾಸ ಬರೆಯುವ ಸಾಹಸಕ್ಕೆ ಮುಂದೆ ಯಾರಾದರೂ ಇಳಿದರೆ, ನಿವೃತ್ತ ಮೇಷ್ಟ್ರ ನೀಲಿ ಸೂಟ್‌ಕೇಸಿನ ಎಡಗಡೆಯ ಚಕ್ರ ಕಳಚಿಬಿದ್ದ ಪ್ರಸಂಗವನ್ನು ಮೊದಲ ಅಧ್ಯಾಯದಲ್ಲೇ ದಾಖಲಿಸಬೇಕಾಗುತ್ತದೆ. ಸೇತುವೆ ಕಟ್ಟಿದ್ದು, ಪುರಸಭೆಯ ಕಟ್ಟಡ ಸುಟ್ಟದ್ದು, ನದಿ ಉಕ್ಕಿ ಪೇಟೆಯೊಳಗೆ ಬಂದದ್ದು ಎಲ್ಲ ಎರಡನೆಯ ಅಧ್ಯಾಯದ ತನಕ ಕಾಯಬಹುದು. ಅವುಗಳಿಂದ ಊರಿನವರ ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇನೂ ಆಗಲಿಲ್ಲ. ಆ ಚಕ್ರ ಬಿದ್ದ ಮೇಲೆ ಮಾತ್ರ ಅರ್ಧ ಊರು ಅಟ್ಟ ಹತ್ತಿತು.

ಕುಂಟಾದ ಸೂಟ್‌ಕೇಸನ್ನು ಕಂಕುಳಲ್ಲಿ ಇರುಕಿಕೊಂಡು ಮೇಷ್ಟ್ರು ಬಂದದ್ದು ಜಿಪ್ಪಣ್ಣನ ಅಂಗಡಿಗೆ. ಜಿಪ್ಪಣ್ಣ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಬಾಯಿ ಬಿಟ್ಟ ಬ್ಯಾಗು, ಹಿಡಿ ಕಿತ್ತ ಚೀಲ, ಹಲ್ಲುದುರಿದ ಜಿಪ್ಪು, ಎಲ್ಲಕ್ಕೂ ಊರಿನಲ್ಲಿ ಅವನೊಬ್ಬನೇ ವೈದ್ಯ. ಅವನ ಅಂಗಡಿ ಎರಡು ಕಟ್ಟಡಗಳ ನಡುವಿನ ಸಂದಿಗೆ ಬಾಗಿಲು ಇಟ್ಟಂತಿತ್ತು. ಒಳಗೆ ಹೋದವರು ತಿರುಗಿ ಬರಬೇಕಾದರೆ ಹಿಂದೆ ಹಿಂದೆ ನಡೆಯಬೇಕು. ಮೇಲೆ ಕೊಕ್ಕೆಗಳಿಂದ ಚೀಲಗಳು ನೇತಾಡುತ್ತಿದ್ದವು. ಎತ್ತರದವರಿಗೆ ಯಾರದೋ ಹಳೆಯ ಪ್ರವಾಸ ತಲೆಗೆ ಬಡಿಯುತ್ತಿತ್ತು. ಅಂಟು, ರಬ್ಬರು ಮತ್ತು ಮುಚ್ಚಿಟ್ಟ ಬಟ್ಟೆಯ ವಾಸನೆ ಅವನ ಅಂಗಿಗೂ ಹತ್ತಿಹೋಗಿತ್ತು.

ಈ ಜಿಪ್ಪಣ್ಣನಿಗೆ ಒಂದು ಕಟ್ಟಳೆ. ಗಿರಾಕಿಯ ಹೆಸರು ಕೇಳುತ್ತಿರಲಿಲ್ಲ, ಕೇಳಿದರೂ ನೆನಪಿರುತ್ತಿರಲಿಲ್ಲ. ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದ. ಉತ್ತರವನ್ನು ಸೀಮೆಸುಣ್ಣದಲ್ಲಿ ಅದರ ತಳಕ್ಕೆ ಬರೆದುಕೊಳ್ಳುತ್ತಿದ್ದ. ಇದು ಕುತೂಹಲವಲ್ಲ, ಕಸುಬು ಎನ್ನುವುದು ಅವನ ವಾದ. ಕಲ್ಲುಹಾಸಿನ ಬೀದಿಗೆ ಹೋಗುವ ಪೆಟ್ಟಿಗೆಗೆ ಒಂದು ಚಕ್ರ, ಮರಳಿಗೆ ದಪ್ಪ ರಬ್ಬರಿನದು, ಬಸ್ಸಿನ ತಲೆ ಮೇಲೆ ಹೋಗುವುದಕ್ಕೆ ಚಕ್ರ ಬೇಡ, ಹಿಡಿ ಗಟ್ಟಿಯಾಗಬೇಕು. ಹೋಗುವ ಜಾಗ ಗೊತ್ತಿಲ್ಲದೆ ಚಕ್ರ ಹಾಕುವುದೂ ಕಾಲು ನೋಡದೆ ಚಪ್ಪಲಿ ಹೊಲಿಯುವುದೂ ಒಂದೇ.

"ಎಲ್ಲಿಗೆ ಮೇಷ್ಟ್ರೇ?"

"ಏನು ಎಲ್ಲಿಗೆ?"

"ಪೆಟ್ಟಿಗೆ."

"ಅದು ಎಲ್ಲಿಗಾದ್ರೂ ಹಾಳಾಗಿ ಹೋಗ್ಲಿ. ನೀನು ಚಕ್ರ ಹಾಕಪ್ಪ."

"ಹಾಗೆಲ್ಲ ಹಾಕೋಕೆ ಬರಲ್ಲ. ನಾಳೆ ನೀವೇ ಬಂದು ನನ್ನ ಜುಟ್ಟು ಹಿಡೀತೀರಿ."

ಮೇಷ್ಟ್ರು ಅಂಗಡಿಯಲ್ಲಿ ಕಾಯುತ್ತಿದ್ದ ಇಬ್ಬರು ಹೆಂಗಸರ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು. "ದ್ವೀಪಕ್ಕೆ ಅಂತ ಬರ್ಕೋ."

"ಮರಳಿಗೆ ದಪ್ಪದ್ದು ಹಾಕ್ಲಾ?"

"ಬೇಡ ಬೇಡ. ಸಣ್ಣದು ಹಾಕು. ನುಣುಪು ನೆಲದ ಮೇಲೆ ಸದ್ದಿಲ್ಲದೆ ಉರುಳಿದ್ರೆ ಸಾಕು."

ಅಷ್ಟು ಹೇಳಿ ಅವರು ಹಿಂದೆ ಹಿಂದೆ ನಡೆದು ಹೊರಗೆ ಹೋದರು. ಜಿಪ್ಪಣ್ಣ ಸೀಮೆಸುಣ್ಣ ಹಿಡಿದುಕೊಂಡೇ ಯೋಚನೆಗೆ ಬಿದ್ದ.

ದ್ವೀಪ ಯಾರಿಗೆ ಗೊತ್ತಿಲ್ಲ! ರಜೆ ಎಂದರೆ ದ್ವೀಪ, ದ್ವೀಪ ಎಂದರೆ ಬಿಳಿ ಮರಳು, ಹೊಟೇಲುಗಳ ಸಾಲು, ಕ್ಯಾಲೆಂಡರಿನಲ್ಲಿ ಕಾಣುವ ನೀಲಿ ನೀರು. ಆದರೆ ಅಲ್ಲಿಗೆ ತಲುಪಬೇಕಾದರೆ ರಾತ್ರಿಯಿಡೀ ಬಸ್ಸು, ಬೆಳಗಾದ ಮೇಲೆ ಲಾಂಚು, ಲಾಂಚಿನಲ್ಲಿ ಅರ್ಧ ದಿನ ಹೊಟ್ಟೆ ಕೈಯಲ್ಲಿ ಹಿಡಿದುಕೊಂಡು ಕೂರುವ ಪಾಡು. ಮೇಷ್ಟ್ರಿಗೋ ಮಂಡಿನೋವು, ಅಂಗಡಿಯ ಮೆಟ್ಟಿಲು ಹತ್ತುವುದಕ್ಕೇ ಬಾಗಿಲ ಚೌಕಟ್ಟಿನ ಸಹಾಯ ಬೇಕು. ಅಂಥವರು ಬಸ್ಸು ಹತ್ತಿ, ಲಾಂಚು ಹತ್ತಿ ದ್ವೀಪಕ್ಕೆ ಹೋಗುವುದುಂಟೆ? ಅದೂ ಸಣ್ಣ ಚಕ್ರದ ಪೆಟ್ಟಿಗೆ ಎಳೆದುಕೊಂಡು? ಸಣ್ಣ ಗಟ್ಟಿ ಚಕ್ರ ಉರುಳುವುದು ಒಂದೇ ಕಡೆ, ವಿಮಾನ ನಿಲ್ದಾಣದ ನೆಲದ ಮೇಲೆ. ಊರ ಹೊರಗಿನ ನಿಲ್ದಾಣಕ್ಕೆ ರಾಜಧಾನಿಯಿಂದ ಒಂದು ವಿಮಾನ ಬಂದು, ಬಂದ ತಪ್ಪಿಗೆ ತಿರುಗಿ ಹೋಗುತ್ತಿತ್ತು, ಅಷ್ಟೆ. ಹಾಗಿದ್ದರೆ...

ಎದುರಿನ ಕ್ಷೌರದಂಗಡಿಯವನು ಟೀ ಕುಡಿಯುತ್ತ ಈಚೆ ಬಂದಾಗ ಜಿಪ್ಪಣ್ಣ ಸಹಜವಾಗಿಯೇ ಕೇಳಿದ. "ಅಲ್ಲಯ್ಯಾ, ಮೇಷ್ಟ್ರು ಸಣ್ಣ ಚಕ್ರ ಹಾಕ್ಸಿಕೊಂಡು ದ್ವೀಪಕ್ಕೆ ಹೊರಟಿದ್ದಾರೆ. ಇಲ್ಲಿಂದ ಏನಾದ್ರೂ ವಿಮಾನ ಬಿಡ್ತಾರೇನೋ?"

ಪ್ರಶ್ನಾರ್ಥಕ ಚಿಹ್ನೆಯನ್ನು ಬೀದಿ ದಾಟಿಸುವ ಅಭ್ಯಾಸ ಕ್ಷೌರದವನಿಗೆ ಇರಲಿಲ್ಲ.

*

ಮೂರನೆಯ ದಿನ ಆ ಸುದ್ದಿ ಜಿಪ್ಪಣ್ಣನ ಅಂಗಡಿಗೆ ತಿರುಗಿ ಬಂತು. ಹೋದಾಗ ಕೂಸಾಗಿದ್ದದ್ದು ಮೀಸೆ ಬಿಟ್ಟುಕೊಂಡು ಬಂದಿದ್ದರಿಂದ ಅವನಿಗೆ ಗುರುತೇ ಸಿಗಲಿಲ್ಲ.

"ಕೇಳಿದ್ರಾ? ದ್ವೀಪಕ್ಕೆ ವಿಮಾನ ಅಂತೆ. ಅಗ್ಗದ ಕಂಪನಿಯಂತೆ, ಬಸ್ಸಿನ ದರಕ್ಕೇ ಕರ್ಕೊಂಡು ಹೋಗ್ತಾರಂತೆ," ಎಂದು ಬ್ಯಾಗು ತಂದ ಬಾಡಿಗೆ ಕಾರಿನವನು ಹೇಳಿದ.

"ಹೌದಾ! ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಿದ್ದಾರಲ್ಲ."

ಜಿಪ್ಪಣ್ಣನಿಗೆ ಒಳಗೊಳಗೇ ಹೆಮ್ಮೆಯಾಯಿತು. ತಾನು ಬರೀ ಒಂದು ಚಕ್ರ ನೋಡಿ ಊಹಿಸಿದ್ದು ಊರಿಗೆಲ್ಲ ಬೇರೆ ಮೂಲದಿಂದ ಖಚಿತವಾಗಿ ತಿಳಿದುಬಂದಿದೆ! ಕಸುಬು ಬಲ್ಲವನ ಊಹೆ ಸುಳ್ಳಾಗುವುದಿಲ್ಲ ಎಂದುಕೊಂಡ.

ಅಲ್ಲಿಂದ ಮುಂದೆ ಸುದ್ದಿಗೆ ದಿನಕ್ಕೊಂದು ಪುಕ್ಕ ಹುಟ್ಟಿತು. ವಾರಕ್ಕೆ ಎರಡು ಸಲವಂತೆ. ಅಲ್ಲ, ದಿನಾ ಅಂತೆ. ಕುಡಿಯುವ ನೀರಿಗೂ ಕಾಸಂತೆ, ಕಿಟಕಿ ಪಕ್ಕ ಕೂತರೆ ಬೇರೆ ಕಾಸಂತೆ, ಆ ಕಿಟಕಿಯ ಮುಚ್ಚಳ ಎಳೆದುಕೊಂಡರೆ ಕಾಸಿಲ್ಲವಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಅಗ್ಗದ ವಿಮಾನದವರು ಬ್ಯಾಗಿನ ಅಳತೆಯಲ್ಲಿ ಮಹಾ ಜಿಪುಣರಂತೆ. ಒಂದು ಬೆರಳು ಹೆಚ್ಚಾದರೂ ಬಾಗಿಲಲ್ಲೇ ತಡೆಯುತ್ತಾರಂತೆ. ಈ ಕೊನೆಯ 'ಅಂತೆ' ಊರನ್ನು ಅಟ್ಟ ಹತ್ತಿಸಿದ್ದು. ಮದುವೆಯ ಕಾಲದ ಪೆಟ್ಟಿಗೆಗಳು, ತಾತಂದಿರ ಟ್ರಂಕುಗಳು, ಇಲಿ ಮರಿ ಹಾಕಿದ ಕೈಚೀಲಗಳು ಎಲ್ಲ ಧೂಳು ಕೊಡವಿಕೊಂಡು ಜಿಪ್ಪಣ್ಣನ ಬಾಗಿಲಲ್ಲಿ ಸಾಲುಗಟ್ಟಿದವು. ಅವನು ಫ್ರಿಜ್ಜು ಬಂದಿದ್ದ ರಟ್ಟಿನ ಡಬ್ಬವೊಂದನ್ನು ಕತ್ತರಿಸಿ ಅಳತೆಯ ಪೆಟ್ಟಿಗೆ ಮಾಡಿಟ್ಟ. ಅಳತೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ಫ್ರಿಜ್ಜಿನ ಡಬ್ಬದಿಂದ ಎಂದೇ ಹೇಳಬೇಕಾಗುತ್ತಿತ್ತು.

ಬಂದವರೆಲ್ಲರನ್ನೂ ಅವನು ಕೇಳಿದ, "ಎಲ್ಲಿಗೆ?" ಬಂದವರೆಲ್ಲರೂ ಹೇಳಿದರು, "ದ್ವೀಪಕ್ಕೆ." ಸೀಮೆಸುಣ್ಣ ಅದೊಂದೇ ಪದ ಬರೆದು ಬರೆದು ಸವೆಯಿತು. ಹೀಗೆ ಪೆಟ್ಟಿಗೆಯ ತಳದಲ್ಲಿ ತಾನೇ ಬರೆದದ್ದನ್ನು ದಿನಾ ಓದಿ ಓದಿ, ಜಿಪ್ಪಣ್ಣನಿಗೆ ವಿಮಾನದ ವಿಷಯದಲ್ಲಿ ಇದ್ದಬದ್ದ ಅನುಮಾನವೂ ಹೊರಟುಹೋಯಿತು.

*

ಮನೆಯಲ್ಲಿ ವಿಷಯ ಬೇರೆಯೇ ಇತ್ತು.

ಜಿಪ್ಪಣ್ಣನ ಹೆಂಡತಿ ಮುಂದಿನ ಬೀದಿಯ ಔಷಧಿ ಅಂಗಡಿಯಲ್ಲಿ ಕೌಂಟರು ನೋಡಿಕೊಳ್ಳುತ್ತಿದ್ದಳು. ಆಕೆಯ ಅಕ್ಕ ಇದ್ದದ್ದು ಆ ದ್ವೀಪದಲ್ಲೇ. ಪ್ರವಾಸಿಯಾಗಿ ಅಲ್ಲ, ದೊಡ್ಡ ಹೊಟೇಲೊಂದರ ಚಾದರ-ಹೊದಿಕೆಗಳ ಉಗ್ರಾಣ ನೋಡಿಕೊಳ್ಳುವವಳಾಗಿ. ಗಂಡ ಬೇಗ ಹೋದ ಮೇಲೆ ಅಲ್ಲಿಗೆ ಸೇರಿದವಳು ಅಲ್ಲೇ ಕೂದಲು ಹಣ್ಣು ಮಾಡಿಕೊಂಡಿದ್ದಳು. ಹೊಟೇಲಿನ ಹಿಂಬದಿಯಲ್ಲಿ ಆಕೆಗೊಂದು ಕೋಣೆ ಕೊಟ್ಟಿದ್ದರು. ಕೋಣೆ ಚಿಕ್ಕದಾದರೂ ಕಿಟಕಿ ಸಮುದ್ರದ ಕಡೆಗೆ. ವರ್ಷಕ್ಕೊಂದು ಸಲ, ಗಿರಾಕಿ ಕಡಿಮೆಯಾದ ಕಾಲದಲ್ಲಿ, ಫೋನಿನಲ್ಲಿ ಅದೇ ಮಾತು: "ಪುಟ್ಟಿ, ಈ ಸಲವಾದ್ರೂ ಬಾರೇ." ವರ್ಷಕ್ಕೊಂದು ಸಲ ಅದೇ ಉತ್ತರ: "ನನಗೆ ಲಾಂಚು ಆಗಲ್ಲವಲ್ಲಕ್ಕಾ."

ಈ ಉತ್ತರಕ್ಕೆ ಒಂದು ಹಿನ್ನೆಲೆ ಇತ್ತು. ಮದುವೆಯಾದ ಹೊಸದರಲ್ಲಿ ಇಬ್ಬರೂ ದ್ವೀಪಕ್ಕೆ ಹೋಗಿದ್ದರು. ಲಾಂಚಿನಲ್ಲಿ ಆಕೆಗೆ ವಾಂತಿಯೋ ವಾಂತಿ. ದಾರಿಯುದ್ದಕ್ಕೂ ಹೊಸ ಮದುಮಗ ಅವಳ ಹಣೆ ಒತ್ತಿ ಹಿಡಿದು ಕೂತಿದ್ದ. ಇದನ್ನು ಕೇಳಿದ ಅಕ್ಕ ಇಡೀ ಬಂಧುಬಳಗಕ್ಕೆ ಡಂಗುರ ಸಾರಿದ್ದಳು: "ಎಂಥಾ ಗಂಡ ಸಿಕ್ಕಿದಾನೆ ನಮ್ಮ ಪುಟ್ಟಿಗೆ! ಒಂಚೂರು ಅಸಹ್ಯ ಪಡಲಿಲ್ಲವಂತೆ." ಅತ್ತೆಮನೆಯ ಯಾವುದೇ ಸಮಾರಂಭಕ್ಕೆ ಹೋದರೂ ಜಿಪ್ಪಣ್ಣನಿಗೆ ಈ ಹೊಗಳಿಕೆಯ ಒಂದು ತಟ್ಟೆ ಖಾಯಂ ಆಗಿ ಬಡಿಸಲಾಗುತ್ತಿತ್ತು. ಇಷ್ಟು ವರ್ಷಗಳ ಮೇಲೂ ಆ ದಿನ ತನ್ನ ಅಂಗೈಗೆ ತಾಗಿದ್ದ ಅವಳ ಹಣೆಯ ತಣ್ಣನೆಯ ಬೆವರು ಅವನಿಗೆ ಚೆನ್ನಾಗಿ ನೆನಪಿತ್ತು.

ಈ ವರ್ಷ ಅಕ್ಕನ ಫೋನಿನಲ್ಲಿ ಒಂದು ಮಾತು ಹೆಚ್ಚಿಗೆ ಇತ್ತು. ಆಕೆಗೆ ನಿವೃತ್ತಿ. ಈ ತಿಂಗಳು ಮುಗಿದರೆ ಕೋಣೆ ಖಾಲಿ ಮಾಡಬೇಕು, ಆಮೇಲೆ ಬೇರೆ ಊರಿನಲ್ಲಿ ಮಗಳ ಮನೆ. ಆ ಊರಿಗೆ ಸಮುದ್ರವೂ ಇಲ್ಲ, ಕೆರೆಯೂ ಇಲ್ಲ.

ಫೋನಿಟ್ಟ ಹೆಂಡತಿ ಸುಮಾರು ಹೊತ್ತು ಒಗೆದ ಬಟ್ಟೆ ಮಡಚುತ್ತ ಕೂತಳು. ಆಮೇಲೆ ಹೇಳಿದಳು.

"ರೀ, ಈ ಸಲ ಹೋಗಿಬಿಡೋಣ. ಬಸ್ಸಲ್ಲೇ. ಲಾಂಚಲ್ಲೇ."

"ಹುಚ್ಚಾ ನಿನಗೆ? ನಾಳೆ ನಾಡಿದ್ದರಲ್ಲಿ ವಿಮಾನ ಶುರುವಾಗುತ್ತೆ. ಮುಕ್ಕಾಲು ಗಂಟೆ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಅತ್ತಿಗೆ ಮುಂದೆ ನಿಂತಿರ್ತೀಯ."

"ತಿಂಗಳೊಳಗೆ ಶುರುವಾಗುತ್ತಾ?"

"ಊರಿಗೂರೇ ಪೆಟ್ಟಿಗೆ ರೆಡಿ ಮಾಡ್ಕೊಂಡಿದೆ. ಅವರೇನು ಹುಚ್ಚರಾ?"

"ಅಕ್ಕ ಇರೋವಾಗ ಹೋಗಬೇಕು. ಅವಳು ಆ ಕಿಟಕಿಯಿಂದ ಇಷ್ಟು ವರ್ಷ ಏನು ನೋಡಿದಳೋ, ಅದನ್ನ ಅವಳ ಪಕ್ಕ ಕೂತು ಒಂದ್ಸಲ ನೋಡಬೇಕು ಅಂತ ಆಸೆ, ಅಷ್ಟೆ. ಅವಳು ಬಿಟ್ಟು ಬಂದ ಮೇಲೆ ದ್ವೀಪ ಕಟ್ಕೊಂಡು ನಾನೇನು ಮಾಡಲಿ?"

"ಅದಕ್ಕೇ ಹೇಳ್ತಿರೋದು, ವಿಮಾನ ಬರ್ಲಿ. ನಿನಗೆ ಲಾಂಚು ಆಗಲ್ಲವಲ್ಲ. ಮರೆತುಬಿಟ್ಯಾ ಆವತ್ತು ಹೇಗಿತ್ತು ನಿನ್ನ ಸ್ಥಿತಿ? ನಾನಿದ್ದೆ ಅಂತ ಬದುಕಿದೆ."

ಹೆಂಡತಿ ಅವನ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ದಿಂಬಿನ ಚೀಲವನ್ನು ಇನ್ನೊಂದು ಮಡಿಕೆ ಹೆಚ್ಚಾಗಿ ಮಡಚಿದಳು.

"ಸರಿ," ಎಂದಳು. "ಕಾಯೋಣ."

*

ಕಾಯುವುದರಲ್ಲಿ ಒಂದು ಸುಖ ಇದೆ. ಊರು ಅದನ್ನು ಚೆನ್ನಾಗಿಯೇ ಅನುಭವಿಸಿತು. ಬೇಕರಿಯವನು ದ್ವೀಪಕ್ಕೆ ಒಯ್ಯಲೆಂದು ಕಪ್ಪು ಕನ್ನಡಕ ಕೊಂಡು, ವಿಮಾನ ಬರುವ ತನಕ ಒಲೆಯ ಮುಂದೆಯೇ ಹಾಕಿಕೊಂಡು ಒಂದು ಒಬ್ಬೆ ಬ್ರೆಡ್ಡು ಕರಕಲು ಮಾಡಿದ. ಜಗಳವಾಡಿಕೊಂಡಿದ್ದ ವಾರಗಿತ್ತಿಯರು ಕಿಟಕಿಯ ಪಕ್ಕ ಯಾರು ಕೂರುವುದು ಎಂಬ ಹೊಸ ವಿಷಯದ ಮೇಲೆ ಮಾತಿಗೆ ತೊಡಗಿ, ಅದೇ ವಿಷಯದ ಮೇಲೆ ಮತ್ತೆ ಮಾತು ಬಿಟ್ಟರು. ಯಾರಿಗೂ ಅವಸರವಿರಲಿಲ್ಲ. ಹೊರಟು ನಿಂತವರ ಗತ್ತು ಬಂದಿತ್ತು, ಹೊರಡುವ ಕಷ್ಟ ಇನ್ನೂ ಬಂದಿರಲಿಲ್ಲ.

ಜಿಪ್ಪಣ್ಣನ ತೊಂದರೆ ಒಂದೇ. ರಿಪೇರಿಯಾದ ಪೆಟ್ಟಿಗೆಗಳನ್ನು ಯಾರೂ ಒಯ್ಯಲಿಲ್ಲ. "ಇರ್ಲಿ ಬಿಡಪ್ಪ, ವಿಮಾನ ಬಂದ ದಿನ ಇಲ್ಲಿಂದಲೇ ಎತ್ಕೊಂಡು ಹೋಗ್ತೀವಿ" ಎಂದರು. ಮನೆಯ ಅಟ್ಟಗಳೆಲ್ಲ ಖಾಲಿಯಾಗಿ ಅವನ ಅಂಗಡಿಯೇ ಊರಿನ ಅಟ್ಟವಾಯಿತು. ಹಿಂದೆ ಹಿಂದೆ ನಡೆಯುವುದಕ್ಕೂ ಜಾಗವಿಲ್ಲದಾದಾಗ, ತಿಂಗಳ ಮೂರನೆಯ ವಾರದಲ್ಲಿ ಅವನು ಎಲ್ಲಕ್ಕಿಂತ ಮೊದಲು ಬಂದಿದ್ದ ನೀಲಿ ಸೂಟ್‌ಕೇಸನ್ನು ತಾನೇ ತಲುಪಿಸಿ ಬರಲು ಹೊರಟ.

ಮೇಷ್ಟ್ರು ಬಾಗಿಲು ತೆರೆದವರೇ, "ಬಂತಾ ನಮ್ಮ ಪೆಟ್ಟಿಗೆ! ಎಳ್ಕೊಂಡು ಬಾ ಒಳಗೆ," ಎಂದು ಮಲಗುವ ಕೋಣೆಗೆ ಕರೆದೊಯ್ದರು. ಕೋಣೆಯ ನೆಲಕ್ಕೆ ಹೊಳೆಯುವ ಟೈಲು. ಮಂಚದ ಮೇಲೆ ದಪ್ಪ ಕಂಬಳಿಗಳು, ರಜಾಯಿಗಳು ಗುಡ್ಡೆ ಬಿದ್ದಿದ್ದವು. ಮೇಷ್ಟ್ರು ಸೂಟ್‌ಕೇಸಿನ ಬಾಯಿ ಅಗಲಿಸಿ ಅವನ್ನೆಲ್ಲ ತುರುಕಿದರು, ಜಿಪ್ಪು ಎಳೆದರು, ಆಮೇಲೆ ಮಂಡಿ ಬಗ್ಗಿಸದೆ ಪಾದದಿಂದ ಒಂದು ಸಣ್ಣ ತಳ್ಳು ಕೊಟ್ಟರು. ಸೂಟ್‌ಕೇಸು ಸದ್ದಿಲ್ಲದೆ ಉರುಳಿ ಮಂಚದ ಕೆಳಗೆ ಹೋಗಿ ಗೋಡೆಗೆ ತಾಗಿ ನಿಂತಿತು.

"ಆಹಾ!" ಎಂದರು ಮೇಷ್ಟ್ರು. "ಇದಕ್ಕೇ ಕಣಯ್ಯ ಸಣ್ಣ ಚಕ್ರ ಅಂದದ್ದು. ಮೊದ್ಲು ಬಗ್ಗಿ ತಳ್ಳಬೇಕಿತ್ತು, ಸೊಂಟ ಬಿದ್ದೋಗ್ತಿತ್ತು."

ಜಿಪ್ಪಣ್ಣ ಮಂಚದ ಕೆಳಗಿನ ಕತ್ತಲನ್ನೇ ನೋಡುತ್ತಿದ್ದ. "ದ್ವೀಪಕ್ಕೆ ಅಂದ್ರಿ?"

"ಮತ್ತೇನು ಹೇಳಲಿ? ಆ ಹೆಣ್ಣುಮಕ್ಕಳ ಮುಂದೆ, ಪೆಟ್ಟಿಗೆ ಎಲ್ಲಿಗೆ ಎಲ್ಲಿಗೆ ಅಂತ ಪೀಡಿಸಿದೆ. ಮಂಚದ ಕೆಳಕ್ಕೆ ಹೋಗುತ್ತೆ ಅನ್ನಲಾ? ಊರೂರು ಭೂಗೋಳ ಪಾಠ ಮಾಡಿದವನು ನಾನು. ಬಾಯಿಗೆ ಬಂದದ್ದು ಹೇಳಿದೆ." ಮೇಷ್ಟ್ರು ಮಂಚದ ಮೇಲೆ ಕೂತು ದನಿ ತಗ್ಗಿಸಿದರು. "ಆದ್ರೆ ನೋಡು, ಈಗ ನಿಜಕ್ಕೂ ಹೋಗೋಣ ಅನ್ನಿಸಿದೆ. ದ್ವೀಪಕ್ಕೆ ವಿಮಾನ ಬಿಡ್ತಾರಲ್ಲ, ಗೊತ್ತಾಯ್ತಾ ನಿನಗೆ? ಕ್ಷೌರದವನು ಹೇಳಿದ. ಬಹಳ ಖಚಿತ ಸುದ್ದಿ."

*

ಮೇಷ್ಟ್ರ ಮನೆಯಿಂದ ಪೇಟೆಗೆ ಬರುವ ದಾರಿ ಉದ್ದವೇನಲ್ಲ. ಆದರೆ ಜಿಪ್ಪಣ್ಣ ಅದನ್ನು ನಿಧಾನವಾಗಿಯೇ ಮುಗಿಸಿದ. ಇನ್ನೂ ಒಂದು ಆಸೆ ಉಳಿದಿತ್ತು. ತಾನು ಹೇಳಿದ್ದು ಬೇರೆ, ಊರು ಹೇಳುತ್ತಿರುವುದು ಬೇರೆ ಇರಬಹುದು. ಬೇರೆ ಯಾರೋ, ನಿಲ್ದಾಣದವರೋ, ಕಂಪನಿಯವರೋ ಬಾಯಿ ಬಿಟ್ಟಿರಬಹುದು.

ಕ್ಷೌರದಂಗಡಿಯಲ್ಲಿ ಒಬ್ಬರ ಕೆನ್ನೆಗೆ ನೊರೆ ಹಚ್ಚಿತ್ತು. ಜಿಪ್ಪಣ್ಣ ಬಾಗಿಲಲ್ಲೇ ನಿಂತು ಕೇಳಿದ. "ವಿಮಾನದ ಸುದ್ದಿ ನಿನಗೆ ಯಾರಯ್ಯಾ ಹೇಳಿದ್ದು?"

"ಯಾರು ಅಂದ್ರೆ?" ಕ್ಷೌರದವನು ಕತ್ತಿ ಎತ್ತಿ ಹಿಡಿದು ನೆನಪು ಮಾಡಿಕೊಂಡ. "ನೀನೇ ಅಲ್ವೇನಯ್ಯಾ? ಟೀ ಕುಡಿಯೋವಾಗ."

"ನಾನು ಕೇಳಿದ್ದು ಕಣೋ. ಹೇಳಿದ್ದಲ್ಲ."

"ಅದೇ ಆಯ್ತಲ್ಲ."

"ಅದೇ ಆಗಲಿಲ್ಲ! ಮೇಷ್ಟ್ರು ಎಲ್ಲೂ ಹೋಗ್ತಿಲ್ಲ. ಆ ಪೆಟ್ಟಿಗೆ ಮಂಚದ ಕೆಳಗೆ ಸೇರಿಕೊಂಡಿದೆ, ಕಂಬಳಿ ತುಂಬ್ಕೊಂಡು. ವಿಮಾನನೂ ಇಲ್ಲ, ಗಿಮಾನನೂ ಇಲ್ಲ."

ನೊರೆ ಹಚ್ಚಿಕೊಂಡಿದ್ದವರು ಕನ್ನಡಿಯಲ್ಲೇ ಅವನತ್ತ ಕನಿಕರದಿಂದ ನೋಡಿದರು. ಕ್ಷೌರದವನೂ ನೋಡಿದ.

"ನೋಡು ಜಿಪ್ಪಣ್ಣ, ನೀನು ಆವತ್ತು ಹೇಳಿದ್ದು ಸುಳ್ಳೇ ಇರಬಹುದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀನು ಹೇಳಿದಾಗ ಟಿಕೆಟ್ಟಿನ ದರ ಹೇಳಿದ್ಯಾ?"

"ಇಲ್ಲ."

"ಬ್ಯಾಗಿನ ಅಳತೆ?"

"ಇಲ್ಲ."

"ನೋಡು ಮತ್ತೆ. ಇದೆಲ್ಲ ನಮಗೆ ಗೊತ್ತಿದೆ. ಅಂದಮೇಲೆ ಬೇರೆ ಕಡೆಯಿಂದಲೇ ಬಂದಿರಬೇಕು ತಾನೆ?"

ಜಿಪ್ಪಣ್ಣ ಬೀದಿ ದಾಟಿ ತನ್ನ ಅಂಗಡಿಗೆ ಬಂದು ಅಳತೆಯ ರಟ್ಟಿನ ಪೆಟ್ಟಿಗೆಯ ಮೇಲೆ ಕೂತ. ಅದು ಅವನ ಭಾರಕ್ಕೆ ಒಂದು ಕಡೆ ಕುಸಿಯಿತು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆ ಪೆಟ್ಟಿಗೆಗಳು ತಳ ತೋರಿಸಿಕೊಂಡು ದ್ವೀಪ, ದ್ವೀಪ ಎನ್ನುತ್ತಿದ್ದವು. ಎಲ್ಲವೂ ಅವನ ಕೈಬರಹ.

ಊರಿಗೆ ಮೋಸವಾಯಿತೆಂಬ ಸಂಕಟ ಅವನಿಗೆ ಅಷ್ಟೇನೂ ಆಗಲಿಲ್ಲ. ಊರಿಗೆ ಮೋಸವೇ ಆಗಿರಲಿಲ್ಲ. ಯಾವ ಕಷ್ಟವೂ ಇಲ್ಲದೆ ಎಲ್ಲರಿಗೂ ಒಂದೊಂದು ಪ್ರವಾಸ ಸಿಕ್ಕಿತ್ತು. ಅವನನ್ನು ಚುಚ್ಚಿದ್ದು ಬೇರೆ. 'ಕಾಯೋಣ' ಎಂದು ಹೆಂಡತಿ ಹೇಳಿದ ಸಂಜೆ ತನಗೆ ಎಷ್ಟು ಹಾಯೆನಿಸಿತ್ತು ಎಂಬುದು ನೆನಪಾಯಿತು. ವಿಮಾನ ಬರುತ್ತದೆ ಎಂದು ಅವನು ನಂಬಿದ್ದು ಹೋಗುವುದಕ್ಕಲ್ಲ, ಹೋಗದೆ ಇರುವುದಕ್ಕೆ. ಪ್ರತಿ ವರ್ಷ ಒಂದಲ್ಲ ಒಂದು ನೆಪ ಹುಡುಕಬೇಕಿತ್ತು. ಒಂದು ವರ್ಷ ಅಂಗಡಿಯ ಚಾವಣಿ, ಒಂದು ವರ್ಷ ತನ್ನ ಬೆನ್ನು, ಮಿಕ್ಕ ವರ್ಷಗಳಲ್ಲಿ ಅವಳ ವಾಂತಿ. ಈ ವರ್ಷ ನೆಪ ರೆಕ್ಕೆ ಹಚ್ಚಿಕೊಂಡು ತಾನಾಗಿಯೇ ಬಂದಿತ್ತು. ತಿಂಗಳಿನಲ್ಲಿ ಇನ್ನು ಉಳಿದಿದ್ದು ಒಂದು ವಾರ.

ಅವನು ಬಾಗಿಲು ಎಳೆದುಕೊಂಡು ನೇರವಾಗಿ ಔಷಧಿ ಅಂಗಡಿಗೆ ಹೋದ.

*

ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹೆಂಡತಿ ಕೌಂಟರಿನ ಹಿಂದೆ ಕೂತು ಡಬ್ಬಿಗಳನ್ನು ಒರೆಸುತ್ತಿದ್ದಳು. ಅವನು ಮೇಷ್ಟ್ರ ಚಕ್ರದಿಂದ ಹಿಡಿದು ಮಂಚದ ಕೆಳಗಿನ ತನಕ ಎಲ್ಲ ಹೇಳಿದ. ಹೇಳುವಾಗ ಕೌಂಟರಿನ ಗಾಜಿನ ಮೇಲೆ ಕಣ್ಣಿಟ್ಟಿದ್ದ. ಮುಗಿಸಿದ ಮೇಲೂ ಅಲ್ಲೇ ಇಟ್ಟಿದ್ದ.

"ಅಂದ್ರೆ ವಿಮಾನ ಇಲ್ಲ," ಎಂದಳು ಹೆಂಡತಿ.

"ಇಲ್ಲ."

"ಊರಿಗೆಲ್ಲ ಹಬ್ಬಿಸಿದ್ದು ನೀವು."

"ಹಬ್ಬಿಸಲಿಲ್ಲ ಕಣೇ. ಕೇಳಿದೆ ಅಷ್ಟೆ. ಅದು ತಾನಾಗೇ..."

"ಜಿಪ್ಪಣ್ಣನವರೇ," ಎಂದಳು ಆಕೆ. ಮನೆಯಲ್ಲಿ ಈ ಹೆಸರು ಕೋಪ ನೆತ್ತಿಗೇರಿದಾಗ ಮಾತ್ರ ಬರುತ್ತಿತ್ತು. "ಊರಿನ ಚೀಲದ ಬಾಯೆಲ್ಲ ಮುಚ್ಚೋಕೆ ಬರುತ್ತೆ ನಿಮಗೆ."

ಗೋಡೆಯ ಫ್ಯಾನು ಒಂದು ಸುತ್ತು ಮುಗಿಸಿ ಅವರ ಕಡೆ ತಿರುಗಿತು, ಮತ್ತೆ ಮುಖ ತಿರುಗಿಸಿಕೊಂಡಿತು. ಬೈಗುಳದ ಎರಡನೆಯ ಕಂತಿಗೆ ಅವನು ತಯಾರಾಗಿ ನಿಂತಿದ್ದ. ಅದು ಬರಲಿಲ್ಲ. ತಲೆ ಎತ್ತಿದರೆ ಹೆಂಡತಿಯ ತುಟಿಯ ಒಂದು ಕೊನೆ ನಗುವಿನತ್ತ ವಾಲಿತ್ತು.

"ನಾನೂ ಒಂದು ಹಬ್ಬಿಸಿದ್ದೆ," ಎಂದಳು. "ಇಷ್ಟು ವರ್ಷ ಆಯ್ತು, ಇನ್ನೂ ಚೆನ್ನಾಗಿ ಓಡ್ತಾ ಇದೆ."

"ಏನದು?"

"ಲಾಂಚಲ್ಲಿ ವಾಂತಿ ಮಾಡಿದ್ದು ನಾನಲ್ಲ."

"ಮತ್ತೆ?"

"ಮತ್ತೆ ಯಾರು? ಲಾಂಚಲ್ಲಿ ನಾವಿಬ್ಬರೇ ತಾನೆ ನಮ್ಮ ಕಡೆಯವರು?"

ಜಿಪ್ಪಣ್ಣ ನಕ್ಕ. ಆಮೇಲೆ ನಗು ನಿಂತಿತು. "ಸುಮ್ನಿರು. ನಿನ್ನ ಹಣೆ ನಾನು ಹಿಡ್ಕೊಂಡಿದ್ದೆ. ನನಗೆ ಚೆನ್ನಾಗಿ ನೆನಪಿದೆ. ತಣ್ಣಗಿತ್ತು."

"ತಣ್ಣಗಿದ್ದದ್ದು ನನ್ನ ಕೈರೀ. ನಿಮ್ಮ ಹಣೆ ಮೇಲೆ. ಕಡಲಿನ ನೀರಲ್ಲಿ ಅದ್ದಿಟ್ಟಿದ್ದೆ." ಆಕೆ ಒರೆಸುವ ಬಟ್ಟೆ ಮಡಚಿಟ್ಟಳು. "ಹೊಸ ಅಂಗಿ ಹಾಕ್ಕೊಂಡಿದ್ರಿ. ಅದರ ಮೇಲೆಲ್ಲ ಆಗಿತ್ತು. ಜೆಟ್ಟಿಯಲ್ಲಿ ಅಕ್ಕ, ಅಕ್ಕನ ಜೊತೆ ಕೆಲಸದವರು, ಎಲ್ಲ ಮದುಮಗನ್ನ ನೋಡೋಕೆ ನಿಂತಿದ್ರು. ನಿಮ್ಮ ಮುಖ ನೋಡೋಕಾಗ್ತಿರಲಿಲ್ಲ. ಏನಾಯ್ತೇ ಅಂದಳು ಅಕ್ಕ. ನನಗೆ ಆಯ್ತು, ಇವರ ಅಂಗಿ ಮೇಲೇ ಆಗಿಬಿಡ್ತು, ಪಾಪ ಇವರು ಹಿಡ್ಕೊಂಡ್ರು ಅಂದೆ. ಆಮೇಲಿನದ್ದೆಲ್ಲ ಅಕ್ಕ ಸೇರಿಸಿದ್ದು."

"ನಾನು... ನನಗೆ ಗೊತ್ತಿರಲಿಲ್ಲವಾ?"

"ಮೊದಮೊದಲು ಗೊತ್ತಿತ್ತು. ಅಕ್ಕ ಹೊಗಳಿದಾಗೆಲ್ಲ ನೀವು ತಲೆ ತಗ್ಗಿಸ್ತಿದ್ರಿ. ಎರಡು ಮೂರು ವರ್ಷ ಆದ್ಮೇಲೆ ತಲೆ ತಗ್ಗಿಸೋದು ನಿಂತಿತು. ಇರ್ಲಿ ಬಿಡು, ನಂಬ್ಕೊಂಡಿದ್ದಾರೆ, ಖುಷಿಯಾಗಿದ್ದಾರೆ ಅಂತ ನಾನೂ ಸುಮ್ಮನಾದೆ."

ಜಿಪ್ಪಣ್ಣ ತನ್ನ ಅಂಗೈ ನೋಡಿಕೊಂಡ. ಅಂಟಿನ ಕಲೆ, ದಬ್ಬಳ ಚುಚ್ಚಿದ ಗುರುತು. ಅಲ್ಲಿ ಹಣೆಯ ಬೆವರು ಇನ್ನೂ ಇತ್ತು. ಇಷ್ಟು ಹೇಳಿದ ಮೇಲೂ ಹೋಗಲಿಲ್ಲ. ನಿಜ ತಿಳಿದಾಕ್ಷಣ ನೆನಪು ಜಾಗ ಖಾಲಿ ಮಾಡುವುದಿಲ್ಲ, ಅದಕ್ಕೂ ಬೇರೆ ಮನೆ ಸಿಗಬೇಕು.

"ಮತ್ತೆ ಪ್ರತಿ ವರ್ಷ ಅತ್ತಿಗೆಗೆ ನನಗಾಗಲ್ಲ, ನನಗಾಗಲ್ಲ ಅಂತಿದ್ಯಲ್ಲ?"

"ನೀವು ಬರ್ತಿರಲಿಲ್ಲವಲ್ಲ. ಬರ್ತಿಲ್ಲ ಅಂತ ಹೇಳೋದಕ್ಕಿಂತ ಆಗಲ್ಲ ಅನ್ನೋದು ಚೆಂದ ಕೇಳುತ್ತೆ."

"ಒಬ್ಬಳೇ ಹೋಗಬಹುದಿತ್ತು."

"ಹೋಗಬಹುದಿತ್ತು," ಎಂದಳು. ಗಾಜಿನೊಳಗಿನ ಡಬ್ಬಿಗಳನ್ನು ಒಂದೊಂದಾಗಿ ಮುಖ ಮುಂದಾಗಿ ತಿರುಗಿಸಿಟ್ಟಳು. "ಲಾಂಚು ಆಗದೋಳು ಒಬ್ಬಳೇ ಲಾಂಚು ಹತ್ತಿ ಬಂದರೆ ಅಕ್ಕ ಏನಂತ ಕೇಳ್ತಿದ್ದಳು? ಹೇಳಿದ ಸುಳ್ಳನ್ನ ಸಾಕಬೇಕಲ್ಲ."

ಜ್ವರದ ಮಾತ್ರೆಗೆ ಒಬ್ಬ ಗಿರಾಕಿ ಬಂದ, ಕೊಟ್ಟಳು, ಅವನು ಹೋಗುತ್ತ "ಜಿಪ್ಪಣ್ಣ, ಯಾವತ್ತಂತೆ ವಿಮಾನ?" ಎಂದ. ಉತ್ತರಕ್ಕೆ ನಿಲ್ಲಲೂ ಇಲ್ಲ.

"ಅಕ್ಕ ಇನ್ನೊಂದು ವಾರ ಅಲ್ಲಿರ್ತಾಳೆ," ಎಂದಳು ಹೆಂಡತಿ. "ನಾನು ಇವತ್ತು ರಾತ್ರಿ ಬಸ್ಸಿಗೆ ಹೋಗ್ತೀನಿ. ನೀವು ಬರ್ತೀರೋ ಬಿಡ್ತೀರೋ, ನಿಮಗೆ ಬಿಟ್ಟದ್ದು. ಬಂದ್ರೆ ಈ ಸಲ ಅಕ್ಕನಿಗೆ ನಿಜ ಹೇಳಿಬಿಡ್ತೀನಿ, ಅದಕ್ಕೆ ಒಪ್ಪಿಗೆ ಇರಬೇಕು."

ಆಕೆ ಹಿಂದಿನ ಕಪಾಟಿನಿಂದ ಒಂದು ಪಟ್ಟಿ ಮಾತ್ರೆ ತೆಗೆದು ಗಾಜಿನ ಮೇಲೆ ಇಟ್ಟಳು. ಬಸ್ಸು, ಹಡಗುಗಳಲ್ಲಿ ಹೊಟ್ಟೆ ತೊಳಸುವವರಿಗೆ ಕೊಡುವ ಮಾತ್ರೆ. ವಿಮಾನದ ಸುದ್ದಿ ಹುಟ್ಟಿದಾಗಿನಿಂದ ಊರಿನಲ್ಲಿ ಅದನ್ನು ಯಾರೂ ಕೊಂಡಿರಲಿಲ್ಲ.

*

ಜಿಪ್ಪಣ್ಣನ ಮನೆಯ ಸ್ವಂತ ಪೆಟ್ಟಿಗೆ ಅಟ್ಟದ ಮೇಲೆ ಹಗ್ಗ ಕಟ್ಟಿಸಿಕೊಂಡು ಬಿದ್ದಿತ್ತು. ಜಿಪ್ಪಿಗೆ ಹಲ್ಲಿರಲಿಲ್ಲ, ಒಂದು ಚಕ್ರ ಎಂದೋ ಹೋಗಿತ್ತು. ಊರಿನವರ ಪೆಟ್ಟಿಗೆಗಳೆಲ್ಲ ಹೊಸ ಮದುಮಕ್ಕಳಂತೆ ಹೊಳೆಯುತ್ತಿದ್ದರೆ, ರಿಪೇರಿಯವನ ಪೆಟ್ಟಿಗೆಗೆ ಆ ಭಾಗ್ಯ ಬಂದಿರಲಿಲ್ಲ. ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದನೇನೋ ಎಂಬ ಅನುಮಾನ ಅವನಿಗೇ ಬಂತು. ಸಂಜೆ ಅದನ್ನು ಅಂಗಡಿಗೆ ಹೊತ್ತು ತಂದು ಮಂಡಿಯ ನಡುವೆ ಇಟ್ಟುಕೊಂಡು ಹಗ್ಗ ಬಿಚ್ಚಿದ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲು ಜಾಗವಿರಲಿಲ್ಲ.

ಜಿಪ್ಪು ಹೊಸದು ಕೂರಿಸಿದ. ಹಿಡಿಗೆ ಎರಡು ರಿವಿಟ್ಟು ಹೊಡೆದ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಪೆಟ್ಟಿಗೆ ಮಗುಚಿ, ಅಭ್ಯಾಸಬಲದಿಂದ ತಲೆ ಎತ್ತದೆ ಕೇಳಿದ:

"ಎಲ್ಲಿಗೆ?"

"ದ್ವೀಪಕ್ಕೆ," ಎಂದಳು ಹೆಂಡತಿ.

"ಎಷ್ಟು ಜನ?"

ಈ ಪ್ರಶ್ನೆಯನ್ನು ಅವನು ಯಾವ ಗಿರಾಕಿಗೂ ಕೇಳಿದ್ದಿಲ್ಲ. ಉತ್ತರಕ್ಕೆ ಕಾಯದೆ ಅವನು ಡಬ್ಬಿಯಲ್ಲಿ ಕೈಯಾಡಿಸಿ ಮರಳಿನ ಮೇಲೆ ಓಡುವ ದಪ್ಪ ರಬ್ಬರಿನ ಚಕ್ರಗಳನ್ನು ಆರಿಸಿ ಹಾಕಿದ. ಹಾಕಿ ಮುಗಿಸಿ, ತನ್ನ ಎರಡು ಅಂಗಿಗಳನ್ನು ತರಲು ಮನೆಗೆ ಹೋದ. ಹೊಸದನ್ನು ಬಿಟ್ಟು ಹಳೆಯವನ್ನೇ ಆರಿಸಿದ.

ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿದ್ದು ಕಂಡು ಕ್ಷೌರದವನು ಊರಿಗೆಲ್ಲ ಹೇಳಿದ, ಜಿಪ್ಪಣ್ಣ ಹೆಂಡತಿ ಸಮೇತ ಮೊದಲನೆಯ ವಿಮಾನದಲ್ಲೇ ಹೋದನಂತೆ, ಯಾರಿಗೂ ಹೇಳದೆ.

ವಿಮಾನ ಆ ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಅಕ್ಕತಂಗಿ ಆ ಕಿಟಕಿಯ ಮುಂದೆ ಐದು ದಿನ ಕೂತಿದ್ದರು. ಲಾಂಚಿನಲ್ಲಿ ಜಿಪ್ಪಣ್ಣನಿಗೆ ಹೋಗುವಾಗಲೂ ವಾಂತಿಯಾಯಿತು, ಬರುವಾಗಲೂ ಆಯಿತು. ಹೆಂಡತಿಗೆ ಏನೂ ಆಗಲಿಲ್ಲ.